ಇನ್ನೂರ ಹನ್ನೆರಡನೆಯ ಹಾಳೆ

ತನ್ನ ಸಹಿಯನ್ನು ಕಂಡರೆ ತನಗೇ ಹೇಸಿಗೆಯಾಗತೊಡಗಿದ್ದನ್ನು ಮರ್ನಿ ಯಾರಿಗೂ ಹೇಳಿರಲಿಲ್ಲ, ಡೈರಿಗೂ ಹೇಳಿರಲಿಲ್ಲ. ಡೈರಿಗೆ ಹೇಳದೆ ಉಳಿಸಿಕೊಂಡದ್ದು ಅವಳ ಇಪ್ಪತ್ತಾರು ವರ್ಷಗಳಲ್ಲಿ ಹೆಚ್ಚೇನೂ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯ ಮುಂದೆ, ಬಾಯಿ ತುಂಬ ನೊರೆ ಇದ್ದುದರಿಂದ ಹೇಗೂ ಮಾತು ಹೊರಡುವುದಿಲ್ಲವೆಂಬ ಧೈರ್ಯದಲ್ಲಿ, ಎಲ್ಲವನ್ನೂ ಓದಿದ್ದೇನೆ, ಆ ಒಂದು ಮಧ್ಯಾಹ್ನದ್ದು ಬಿಟ್ಟು, ಎಂದು ತನಗೆ ತಾನೇ ಅಂದುಕೊಂಡಳು. ನಲವತ್ತೊಂದು ಹಾಳೆ. ಎಲ್ಲ ಬರೀ ಅಂಕಿಪಟ್ಟಿಗಳು, ಎಷ್ಟು ಎಕರೆ ಸೇಬು, ಎಷ್ಟು ಮರ, ಎಷ್ಟು ಸುಟ್ಟದ್ದು, ಅದರಲ್ಲೇನಿರುತ್ತದೆ? ಹಾಳೆಯ ಬಲಮೂಲೆಯಲ್ಲಿ ಪೆನ್ಸಿಲಿನ ಎರಡಕ್ಷರದ ಸಹಿಗೆ ಅರ್ಥ ಇಷ್ಟೇ: ಇದನ್ನು ನಾನು ಓದಿದ್ದೇನೆ, ಮುಚ್ಚಿಡಬೇಕಾದ್ದು ಇದರಲ್ಲಿ ಇಲ್ಲ, ಜನ ನೋಡಬಹುದು. ಇಪ್ಪತ್ತು ವರ್ಷ ಕಪಾಟಿನೊಳಗಿದ್ದ ಸಚಿವ ಸಂಪುಟದ ಕಾಗದಗಳು ಪ್ರತಿ ಜನವರಿ ಒಂದರಂದು ಹೊರಬರುತ್ತವೆ, ಅದಕ್ಕೆ ಮೊದಲು ಯಾರಾದರೊಬ್ಬರು ಕೂತು ಒಂದೊಂದು ಹಾಳೆಯನ್ನೂ ಓದಬೇಕು. ಈ ವರ್ಷದ ಆ ಒಬ್ಬರು ಅವಳು. ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ಅವಳು ನಲವತ್ತೊಂದು ಸಲ ಸಹಿ ಹಾಕಿದಳು, ಒಂದು ಸಲವೂ ಓದಲಿಲ್ಲ. ಬಾಯಿ ಮುಕ್ಕಳಿಸಿ ಉಗಿದಳು. ಏನೂ ಆಗುವುದಿಲ್ಲ, ಈ ನಾಲ್ಕು ತಿಂಗಳಲ್ಲಿ ಏನೂ ಆಗಲಿಲ್ಲವಲ್ಲ.

ಕ್ಯಾನ್‌ಬೆರಾದ ಡಿಸೆಂಬರ್ ಗಾಳಿ ಬೆಳಿಗ್ಗೆಯೇ ಒಣಗಿತ್ತು. ಕೆರೆಯ ದಂಡೆಯಲ್ಲಿ ನಡೆದು ಬರುವಾಗ ಬಿಳಿಯ ಕಾಕಟೂ ಗಿಳಿಗಳು ಓಕ್ ಮರದ ಚಿಗುರನ್ನು ತರಿದು ತರಿದು ದಾರಿಯ ಮೇಲೆ ಚೆಲ್ಲಿದ್ದವು, ತಿನ್ನುವುದಕ್ಕಲ್ಲ, ಸುಮ್ಮನೆ. ಇವತ್ತು ಪತ್ರಕರ್ತರು ಬರುವ ದಿನ. ಜನವರಿ ಒಂದರ ತನಕ ಒಂದಕ್ಷರವನ್ನೂ ಅಚ್ಚು ಮಾಡುವುದಿಲ್ಲವೆಂದು ಬರೆದುಕೊಟ್ಟು, ಫೋನುಗಳನ್ನು ತಟ್ಟೆಯಲ್ಲಿಟ್ಟು, ಡಿಸೆಂಬರಿನಲ್ಲೇ ಒಂದು ದಿನ ಬಂದು ಕೂತು ಓದುತ್ತಾರೆ. ಹೋಗುವಾಗ ಪ್ರತಿಗಳನ್ನು ಒಯ್ಯುತ್ತಾರೆ. ಇವತ್ತೇ ಲೋರ್ನಾ ಅವರಿಗೆ ಬೀಳ್ಕೊಡುಗೆಯ ಚಹಾ. ಮೂವತ್ತೊಂದು ವರ್ಷ ಈ ಪತ್ರಾಗಾರದಲ್ಲಿ ಅವರ ಸಹಿ ಎರಡನೆಯ ಸಹಿ. ಮೊದಲಿನವರು ಓದಿದ್ದನ್ನು ಅವರು ಮತ್ತೆ ಓದಿ ಪಕ್ಕದಲ್ಲಿ ತಮ್ಮದನ್ನು ಹಾಕಬೇಕು.

"ಏನೇ ಇಲಿಮರಿ, ಮುಖ ಯಾಕೆ ಹೀಗಿದೆ?" ಎಂದರು ಲೋರ್ನಾ, ಬಾಗಿಲಲ್ಲೇ ತಡೆದು. "ಪತ್ರಕರ್ತರು ಕಚ್ಚಲ್ಲ ಕಣೇ. ಮುಕ್ಕಾಲುಪಾಲಿಗೆ ನನ್ನ ವಯಸ್ಸು, ಹಲ್ಲೆಲ್ಲಿವೆ ಅವಕ್ಕೆ?"

"ಏನಿಲ್ಲ. ಸೆಕೆ."

"ಸೆಕೆಗೆ ಯಾರೂ ಹಾಗೆ ಬಿಳುಚಿಕೊಳ್ಳಲ್ಲ. ಹೋಗು, ನೀರು ಕುಡಿ. ಮಧ್ಯಾಹ್ನದ ಚಹಾಕ್ಕೆ ಲ್ಯಾಮಿಂಗ್ಟನ್ ಕೇಕು ನಾನೇ ಮಾಡ್ಕೊಂಡು ಬಂದಿದೀನಿ. ನನ್ನ ಬೀಳ್ಕೊಡುಗೆಗೆ ನಾನೇ ತಿಂಡಿ ಮಾಡಬೇಕು, ಇಂಥ ಆಫೀಸು ಇದು."

ಹಾಗೆನ್ನುವಾಗ ಅವರ ಕಣ್ಣು ಮರ್ನಿಯ ಮುಖದಿಂದ ಒಂದು ಗೇಣು ಆಚೆ ನೋಡುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗುತ್ತ ಬಂದಿತ್ತು. ಜನವರಿಯಲ್ಲಿ ಆಪರೇಶನ್. ಆಫೀಸಿಗೆ ಗೊತ್ತಾದರೆ ಕೊನೆಯ ವರ್ಷ ಲಕೋಟೆ ಅಂಟಿಸುವಲ್ಲಿ ಕೂರಿಸುತ್ತಾರೆಂದು ಅವರು ಹೇಳಿದ್ದು ಮರ್ನಿಯೊಬ್ಬಳಿಗೇ. ಬೆರಳಿಗೆ ರಬ್ಬರಿನ ಟೊಪ್ಪಿ ಹಾಕಿಕೊಂಡು ಅವರು ಹಾಳೆ ಮಗುಚುತ್ತಿದ್ದರು, ಓದುವವರ ಹಾಗೆಯೇ, ತುಟಿಯನ್ನೂ ಆಡಿಸುತ್ತ, ಆಮೇಲೆ ಮೆಲ್ಲಗೆ "ನೀನು ಓದಿದೀಯಲ್ಲ, ನಾನು ಓದಿದ ಹಾಗೇ ಅಲ್ವಾ?" ಎಂದು ಕೇಳಿ, ಸಹಿ ಹಾಕುತ್ತಿದ್ದರು. ಆ ಮಾತು ಕೇಳಿದಾಗ ಮೊದಮೊದಲು ಮರ್ನಿಗೆ ಹೆಮ್ಮೆಯೆನಿಸುತ್ತಿತ್ತು. ತನ್ನನ್ನು ಯಾರಾದರೂ ಇಷ್ಟು ನಂಬಿದ್ದು ಅದೇ ಮೊದಲು. ಆಗಸ್ಟ್ ಹದಿನೈದರಂದೂ ಅವರು ಹಾಗೇ ಕೇಳಿದರು. ಹೂಂ ಎಂದಳು. ಹೂಂ ಎನ್ನುವುದಕ್ಕೆ ಬಾಯಿಯನ್ನೂ ತೆರೆಯಬೇಕಾಗಿಲ್ಲ.

ಕೆಲಸಕ್ಕೆ ಸೇರಿದ ವಾರ ಅದೇ ಲೋರ್ನಾ ಒಂದು ನಿಯಮವನ್ನು ಪಾಠದಂತೆ ಹೇಳಿಕೊಟ್ಟಿದ್ದರು. ಓದಿ ತೆರೆದ ಹಾಳೆ ಒಮ್ಮೆ ಹೊರಗಿನವರ ಕೈಸೇರಿತೆಂದರೆ ಮತ್ತೆ ಮುಚ್ಚುವ ಹಾಗಿಲ್ಲ. ಹಿಂದೊಮ್ಮೆ ಯಾರೋ ದೊಡ್ಡವರು, ತಮಗೆ ಮುಜುಗರವಾಯಿತೆಂದು, ಹೊರಬಿದ್ದ ಕಾಗದವನ್ನು ವಾಪಸು ಎಳೆದುಕೊಳ್ಳಲು ನೋಡಿದ್ದರಂತೆ. ಆವತ್ತಿನಿಂದ ಈ ಕಟ್ಟಳೆ. ಓದದೇ ತಪ್ಪಿ ಹೊರಟುಹೋದ ಹಾಳೆಯನ್ನು ಮಾತ್ರ ವಾಪಸು ಕೇಳಬಹುದು, ಕೇಳಿದರೆ ಪತ್ರಕರ್ತರು ಕೊಡಲೇಬೇಕು, ಅವರ ಕರಾರಿನಲ್ಲೂ ಅದು ಇದೆ. "ಆದ್ರೆ ಓದದ ಹಾಳೆ ನಮ್ಮಲ್ಲಿ ಇದುವರೆಗೆ ಒಂದೂ ಹೊರಗೆ ಹೋಗಿಲ್ಲ," ಎಂದು ಲೋರ್ನಾ ಆಗ ಎದೆ ತಟ್ಟಿಕೊಂಡಿದ್ದರು.

ಓದುವ ಕೋಣೆಯಲ್ಲಿ ಒಂಬತ್ತು ಜನ ಕೂತಿದ್ದರು. ಮರ್ನಿಯ ಕೆಲಸ ಯಾರಾದರೂ ಕೈಯೆತ್ತಿದರೆ ಹೋಗುವುದು. ಯಾರೂ ಕೈಯೆತ್ತದಿರಲಿ ಎಂದು ಅವಳು ಎಂದಿನಂತೆ ಗೋಡೆಗಂಟಿ ನಿಂತಿದ್ದಳು. ಹನ್ನೊಂದರ ಹೊತ್ತಿಗೆ ಡೂಗಲ್ ಫಿಂಚ್ ಕೈಯೆತ್ತಿದರು. ಅರವತ್ತು ದಾಟಿದ ದಪ್ಪ ಮನುಷ್ಯ, ಪ್ರತಿ ವರ್ಷ ಬರುವವರು, ಪಿಸುಮಾತು ಅವರ ಗಂಟಲಿಗೆ ಬರುತ್ತಿರಲಿಲ್ಲ.

"ತಂಗೀ, ಈ ಟಲ್ಬಿನ್ ಕಣಿವೆ ಎಲ್ಲಿ ಬರುತ್ತೆ? ಹೆಸರೇ ಕೇಳಿಲ್ಲ ನಾನು."

ಅವಳಿಗೆ ಗೊತ್ತಿತ್ತು. ಗೊತ್ತಿರುವ ಪ್ರಶ್ನೆ ಬಂತೆಂದು ಖುಷಿಯೇ ಆಯಿತು. ಕಪಾಟಿನಿಂದ ಭೂಪಟ ತಂದು ಹಾಸಿ, ಹೆದ್ದಾರಿ ಎಲ್ಲಿ ಬಿಡಬೇಕು, ಸೇತುವೆ ದಾಟಿ ಎಡಕ್ಕೋ ಬಲಕ್ಕೋ, ಎಷ್ಟು ಹೊತ್ತಿನ ದಾರಿ, ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಡೂಗಲ್ ಗುರುತು ಹಾಕಿಕೊಂಡರು.

"ನೀನೇ ಪುಣ್ಯಾತ್ಗಿತ್ತಿ. ಹೊಸ ವರ್ಷದ ದಿನ ಬೆಳಿಗ್ಗೆ ಎದ್ದೋನೇ ಈಕೆ ಮನೆ ಬಾಗಿಲು ತಟ್ತೀನಿ. ನೋಡಿಲ್ಲಿ, ಇಡೀ ಪೆಟ್ಟಿಗೆಗೆ ಇದೊಂದು ಕಾಗದ ಸಾಕು. ಎಷ್ಟು ಚೆನ್ನಾಗಿ ಬರ್ದಿದ್ದಾಳೆ ನೋಡು!"

ಹಾಳೆ ಅವರ ಕಡೆಗಿತ್ತು, ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಅಂಕಿಪಟ್ಟಿಯಲ್ಲ. ಕೈಬರಹ. ಗೆರೆಯಿದ್ದ ನೋಟುಬುಕ್ಕಿನ ಹಾಳೆಯ ನಕಲು. ಕೆಳಮೂಲೆಯಲ್ಲಿದ್ದ ತನ್ನ ಸಹಿಯೊಂದೇ, ತಲೆಕೆಳಗಾಗಿದ್ದರೂ, ಥಟ್ಟನೆ ಗುರುತು ಸಿಕ್ಕಿತು. ಉಳಿದದ್ದನ್ನು ಅವಳು ತಲೆಕೆಳಗಾಗಿಯೇ ಸಾಲುಸಾಲಾಗಿ ಓದಿಕೊಂಡಳು.

ಮಾನ್ಯ ಮಂತ್ರಿಗಳೇ, ನನ್ನ ಅಣ್ಣ ಸ್ಟೀಪೆ ಹೋದ ಚಳಿಗಾಲ ನಮ್ಮ ಹಳೆಯ ದೇಶಕ್ಕೆ ಹೋಗಿ ಬರುವಾಗ ಕೋಟಿನ ಅಸ್ತರಿನೊಳಗೆ ಸೇಬಿನ ಕಸಿಕಡ್ಡಿ ಹೊಲಿದುಕೊಂಡು ತಂದ. ನಮ್ಮಪ್ಪ ನೆಟ್ಟ ಮರದ್ದು. ಹೊಲಿಗೆ ಬಿಚ್ಚಿದವಳು ನಾನು. ಅವನು ಕೆಟ್ಟ ಮನಸ್ಸಿನಿಂದ ತಂದದ್ದಲ್ಲ. ಈಗ ಮರಗಳು ಬೆಂಕಿ ತಗುಲಿದ ಹಾಗೆ ಕರ್ರಗಾಗುತ್ತಿವೆ, ಮೊದಲು ಅವನ ತೋಟ, ಆಮೇಲೆ ನಮ್ಮದು, ಈಗ ಇಡೀ ಕಣಿವೆ. ಎಲ್ಲಿಂದ ಬಂತೆಂದು ಗೊತ್ತಾದರೆ ಬೇರೆ ಕಣಿವೆಗಳಾದರೂ ಉಳಿಯುತ್ತವೆ ಎಂದು ರೇಡಿಯೋದಲ್ಲಿ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಹೆಸರು ದಯವಿಟ್ಟು ಎಲ್ಲೂ ಹೇಳಬೇಡಿ. ನಮ್ಮ ಮನೆಗೂ ಅಣ್ಣನ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಗೇಟು ಇದೆ, ಅದಕ್ಕೆ ಚಿಲಕ ಇಟ್ಟಿಲ್ಲ. ಇವ್ಕಾ ಬ್ರಾಯ್ಕೊವಿಚ್, ಸ್ಲೇಟ್ ರೋಡ್, ಟಲ್ಬಿನ್.

ಎಷ್ಟು ಚೆನ್ನಾಗಿ ಬರ್ದಿದ್ದಾಳೆ ನೋಡು. ಮರ್ನಿ ಹನ್ನೆರಡು ವರ್ಷದವಳಿದ್ದಾಗ ಕ್ರಿಸ್‌ಮಸ್ ಊಟದ ಮೇಜಿನಲ್ಲಿ ಅಮ್ಮ ಅದನ್ನೇ ಹೇಳಿದ್ದು. ಸೀಗಡಿಯ ಸಿಪ್ಪೆಗಳು ತಟ್ಟೆಯಲ್ಲಿ ಗುಡ್ಡೆ ಬಿದ್ದಿದ್ದವು, ಹಿಂದಿನ ಅಂಗಳದಿಂದ ಕ್ರಿಕೆಟ್ ರೇಡಿಯೋ ಕೇಳುತ್ತಿತ್ತು, ಅಣ್ಣ ಕ್ಯಾಲ್ ಕುರ್ಚಿಯ ಮೇಲೆ ಹತ್ತಿ ನಿಂತು ಅವಳ ಡೈರಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಯಾರು ತನ್ನನ್ನು ಇಷ್ಟಪಡುವುದಿಲ್ಲ, ಯಾಕೆ, ಕ್ರಮವಾಗಿ. ಚಿಕ್ಕಮ್ಮ ಕಣ್ಣೀರು ಬರುವಷ್ಟು ನಕ್ಕಳು. ಅಮ್ಮ ನಗಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದಳು, ಮೆಚ್ಚಿದಳು: ಎಷ್ಟು ಚೆನ್ನಾಗಿ ಬರ್ದಿದ್ದಾಳೆ ನೋಡಿ, ಇನ್ನೊಂದು ಓದೋ. ಮರ್ನಿ ಎದ್ದುಹೋಗಲಿಲ್ಲ. ಎದ್ದುಹೋದರೆ ಎಲ್ಲರೂ ತಿರುಗಿ ನೋಡುತ್ತಾರೆಂದು ಅಲ್ಲೇ ಕೂತು, ಸೀಗಡಿಯ ಮೀಸೆಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಜೋಡಿಸಿದ್ದಳು.

"ಇನ್ನೂ ಬದುಕಿದ್ದಾಳೆ ಅಂತೀಯಾ?" ಡೂಗಲ್ ಕೇಳುತ್ತಿದ್ದರು.

"ಗೊತ್ತಿಲ್ಲ," ಎಂದಳು. ಭೂಪಟವನ್ನು ಮಡಿಸಿದಳು. ಅದು ಹಳೆಯ ಮಡಿಕೆಗಳಿಗೆ ಸರಿಯಾಗಿ ಕೂರಲಿಲ್ಲ.

ಗೊತ್ತಿಲ್ಲವೆಂಬುದು ಅರ್ಧ ಗಂಟೆಯಲ್ಲಿ ಸುಳ್ಳಾಯಿತು. ತನ್ನ ಮೇಜಿಗೆ ಬಂದು ಕಂಪ್ಯೂಟರಿನಲ್ಲಿ ಟೆಲಿಫೋನ್ ಪಟ್ಟಿ ತೆಗೆದು ನೋಡಿದರೆ ಸ್ಲೇಟ್ ರೋಡಿನಲ್ಲಿ ಎರಡು ಬ್ರಾಯ್ಕೊವಿಚ್ ಇದ್ದರು, ಐ ಮತ್ತು ಎಸ್, ಮನೆ ನಂಬರು ಒಂದರ ಪಕ್ಕ ಒಂದು. ಗೇಟು ಈಗಲೂ ಇರಬಹುದು. ಇಪ್ಪತ್ತು ವರ್ಷ ಎರಡೂ ಮನೆಯವರು ಹೊಸ ಸಸಿ ಹಾಕಿ, ಬುಟ್ಟಿಯೆತ್ತಿ, ಆ ಗೇಟಿನಿಂದ ಸೂಪಿನ ಪಾತ್ರೆ ಹಿಡಿದು ಓಡಾಡಿರಬಹುದು. ಕಣಿವೆಯ ಉಳಿದವರು, ಹನ್ನೊಂದು ಸಾವಿರ ಮರ ಕಡಿಸಿ ಸುಡಿಸಿಕೊಂಡವರು, ಯಾರಿಂದ ಬಂತು ಈ ರೋಗ ಎಂದು ಹೋಟೆಲಿನಲ್ಲಿ ಮಾತಾಡುವಾಗ ಇಬ್ಬರೂ ಅಲ್ಲೇ ಕೂತು ತಲೆದೂಗಿರಬಹುದು. ಹೊಸ ವರ್ಷದ ಬೆಳಿಗ್ಗೆ ಈ ದಪ್ಪ ಮನುಷ್ಯ, ಕೆಟ್ಟವನೇನೂ ಅಲ್ಲ, ಟೋಪಿ ತೆಗೆದು ಬಾಗಿಲು ತಟ್ಟುತ್ತಾನೆ. ದಾರಿ ತೋರಿಸಿದವಳು ಅವಳೇ. ಸೇತುವೆ ದಾಟಿ ಎಡಕ್ಕೆ.

ನೆಲಮಾಳಿಗೆಗೆ ಇಳಿದು ಮೂಲ ಫೈಲನ್ನು ತೆಗೆಸಿದಳು. ಇನ್ನೂರ ಹನ್ನೊಂದನೆಯ ಹಾಳೆ ಅಂಕಿಪಟ್ಟಿ, ಇನ್ನೂರ ಹದಿಮೂರನೆಯದೂ ಅಂಕಿಪಟ್ಟಿ, ನಡುವೆ ಅದು. ಯಾರಾದರೂ ಹಾಳೆ ಮಗುಚಿದ್ದರೆ ಸಾಕಿತ್ತು, ಓದಬೇಕಾಗಿಯೂ ಇರಲಿಲ್ಲ, ಕೈಬರಹದ ನೀಲಿಯೇ ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಮಗುಚಿರಲಿಲ್ಲ, ಮೂಲೆಗಳನ್ನಷ್ಟೇ ಬೀಸಣಿಗೆಯಂತೆ ಹರಡಿಕೊಂಡು ಸಹಿ ಹಾಕುತ್ತ ಹೋಗಿದ್ದಳು. ಚೀಲದಲ್ಲಿ ಯಾವಾಗಲೂ ಇರುವ ಡೈರಿಯನ್ನು ತೆಗೆದು ಆಗಸ್ಟ್ ಹದಿನಾಲ್ಕನ್ನು ಹುಡುಕಿದಳು. ಬರೆಯಲು ಕೂತ ಹೊತ್ತನ್ನೂ ಎದ್ದ ಹೊತ್ತನ್ನೂ ಮಗ್ಗುಲಲ್ಲಿ ಗುರುತು ಹಾಕುವುದು ಅವಳ ಅಭ್ಯಾಸ. ಒಂದು ಐವತ್ತು. ನಾಲ್ಕು ಹತ್ತು. ನಡುವೆ ಏಳು ಪುಟ. ಬೆಳಗಿನ ಚಹಾದ ಹೊತ್ತಿಗೆ ಎರಡನೆಯ ಮಹಡಿಯ ಒಬ್ಬ ಗಾಜಿನಾಚೆಯಿಂದ ಕೈಬೀಸಿದನೆಂದು ತಾನೂ ಬೀಸಿದ್ದು, ಅವನು ಬೀಸಿದ್ದು ತನ್ನ ಹಿಂದಿದ್ದವಳಿಗೆ ಎಂದು ತಿಳಿದಾಗ ಎತ್ತಿದ ಕೈಯನ್ನು ತಲೆ ಕೆರೆದುಕೊಳ್ಳಲೆಂಬಂತೆ ಇಳಿಸಿದ್ದು, ಲೋರ್ನಾ ಅದನ್ನು ಕಂಡೂ ಕಾಣದವರ ಹಾಗೆ ಇದ್ದರೋ ಅಥವಾ ಪೊರೆಯಿಂದ ನಿಜಕ್ಕೂ ಕಾಣಲಿಲ್ಲವೋ ಎಂಬ ಸಂಶಯ. ಏಳು ಪುಟ. ತನ್ನ ಒಂದು ಕೈಯೆತ್ತಿದ್ದಕ್ಕೆ ಏಳು ಪುಟ, ಆ ಇವ್ಕಾಳ ಇಡೀ ಬಾಳಿಗೆ ಒಂದು ಹಾಳೆ. ಆ ಒಂದನ್ನೂ ತಾನು ಓದಲಿಲ್ಲ. ತನ್ನ ಬರಹ ಚೆನ್ನಾಗಿದೆ ಎಂದೂ, ಅಂಥ ಹೊತ್ತಿನಲ್ಲೂ, ಅನ್ನಿಸಿತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮೇಲೆ ಬಂದು ಮೇಲಧಿಕಾರಿ ರಾಸ್ ಹೆನೆಗನ್ ಅವರ ಬಾಗಿಲಲ್ಲಿ ನಿಂತಳು.

"ಒಂದು ಹೆಸರು ಮುಚ್ಚೋದು ತಪ್ಪಿಹೋಗಿದೆ," ಎಂದಳು. ಆ ಹೆಸರು ತಾನಾಗಿಯೇ ದಾರಿ ತಪ್ಪಿತೆಂಬಂತೆ. ಹಾಳೆಯ ನಂಬರು ಹೇಳಿದಳು, ಡೂಗಲ್ ಅವರ ಪೆಟ್ಟಿಗೆಯಲ್ಲಿದೆ ಎಂದೂ ಹೇಳಿದಳು. ಓದಿದ್ದೆಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದುಕೊಂಡಳು. ಹೇಳುತ್ತಿರಲಿಲ್ಲ ಎಂಬುದೂ ಗೊತ್ತಿತ್ತು.

ರಾಸ್ ಮೂಲ ಹಾಳೆಯನ್ನು ತರಿಸಿ ಓದಿ, ಕನ್ನಡಕ ತೆಗೆದು, ಎರಡನೆಯ ಸಹಿಯ ಮೇಲೆ ಬೆರಳಿಟ್ಟರು. "ಲೋರ್ನಾ ಕಣ್ಣು ಸರಿಯಿಲ್ಲ ಅಂತ ನಂಗೂ ಗೊತ್ತು ಮಾರಾಯ್ತಿ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದಾರೆ ಪಾಪ. ಇವತ್ತು ಹೋಗ್ತಿರೋರು. ಇದೂ ಅವರ ಲೆಕ್ಕಕ್ಕೇ ಹೋಗ್ಲಿ ಬಿಡು, ಅವರಿಗೇನೂ ನಷ್ಟ ಇಲ್ಲ. ನಿಂಗೆ ಇನ್ನೂ ಮೂವತ್ತು ವರ್ಷ ಇದೆ. ಡೂಗಲ್ ಹತ್ರ ನಾನು ಮಾತಾಡ್ತೀನಿ."

ಅವಳು ಹೂಂ ಎಂದಳು.

ಮೂರು ಗಂಟೆಗೆ ಚಹಾ. ಲೋರ್ನಾ ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲವರೆಂದು ಡೂಗಲ್ ಕೂಡ ಬಂದಿದ್ದರು, ಕಂಕುಳಲ್ಲಿ ತಮ್ಮ ಕಾಗದಗಳ ಕಟ್ಟು. ಲ್ಯಾಮಿಂಗ್ಟನ್‌ಗಳ ಕೊಬ್ಬರಿ ತುರಿ ಮೇಜಿನ ಮೇಲೆಲ್ಲ ಉದುರಿತ್ತು. ಮೂಲೆಯ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರಕ್ಕೆ ಯಾರೋ ಲೋರ್ನಾ ಅವರ ರಬ್ಬರಿನ ಬೆರಳುಟೊಪ್ಪಿಯನ್ನು ನಕ್ಷತ್ರದ ಜಾಗದಲ್ಲಿ ಸಿಕ್ಕಿಸಿದ್ದರು.

"ನನ್ನ ಮರ್ಯಾದೆಗೆ ಮರದ ತುದಿ! ನೋಡ್ರೋ," ಎಂದು ಲೋರ್ನಾ ನಕ್ಕರು, ಯಾರೋ ಹೇಳಿದ ಮೇಲೆ, ಮರದ ಕಡೆ ತಿರುಗಿ.

ರಾಸ್ ಡೂಗಲ್ ಅವರನ್ನು ಕಿಟಕಿಯ ಬಳಿ ಕರೆದರು. ಕೋಣೆ ಚಿಕ್ಕದು, ಡೂಗಲ್ ಅವರ ಗಂಟಲು ದೊಡ್ಡದು.

"ವಾಪಸ್ಸಾ? ಯಾಕೆ ಕೊಡ್ಲಿ? ಓದಿ ತೆರೆದ ಹಾಳೆ. ಎರಡು ಸಹಿ ಇದೆ, ನೋಡಿ. ಮುಜುಗರ ಆಯ್ತು ಅಂತ ಎಳ್ಕೊಳ್ಳೋ ಹಾಗಿಲ್ಲ ರಾಸ್, ಈ ನಿಯಮ ನನಗೆ ಕಲಿಸಿದ್ದೇ ಈ ನಿಮ್ಮ ಲೋರ್ನಾ."

ಲೋರ್ನಾ ಬಟ್ಟಲು ಕೆಳಗಿಟ್ಟು, ದನಿ ಬಂದ ಕಡೆಗೆ ಕುರ್ಚಿಗಳನ್ನು ಸವರುತ್ತ ಬಂದರು. "ಏನಾಯ್ತು?" ಎಂದರು. ರಾಸ್ ತಗ್ಗಿದ ದನಿಯಲ್ಲಿ ಹೇಳಿದರು. ಲೋರ್ನಾ ಅವರ ಮುಖ ಮೊದಲು ಏನನ್ನೂ ತೋರಿಸಲಿಲ್ಲ, ಆಮೇಲೆ ಕೆನ್ನೆಯಿಂದ ಶುರುವಾಗಿ ಹಣೆಯ ತನಕ ಕೆಂಪೇರಿತು. ಇಷ್ಟು ಜನರ ಮುಂದೆ. ಅವರು ಮರ್ನಿಯ ಕಡೆ ನೋಡಲಿಲ್ಲ.

"ತಪ್ಪು ನಂದೇ," ಎಂದರು. "ನಂಗೆ ಕಣ್ಣು ಕಾಣ್ತಿಲ್ಲ ಡೂಗಲ್, ಒಂದು ವರ್ಷ ಆಯ್ತು. ನಾನು ಓದಿಲ್ಲ ಆ ಹಾಳೇನ. ಸಾಕಲ್ಲ? ಕೊಟ್ಟುಬಿಡಿ. ಆಯಮ್ಮ ಹೆಸರು ಹೇಳಬೇಡಿ ಅಂತ ಬೇಡ್ಕೊಂಡಿದಾಳೆ."

ಡೂಗಲ್ ನಿಜಕ್ಕೂ ನೊಂದರು. ಲ್ಯಾಮಿಂಗ್ಟನ್ ಹಿಡಿದ ಕೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿತ್ತು. "ಲೋರ್ನಾ, ನಿಮ್ಮನ್ನ ನೋಯಿಸೋಕೆ ನಂಗಿಷ್ಟ ಇಲ್ಲ. ಆದ್ರೆ ನಿಮ್ಮದು ಎರಡನೇ ಸಹಿ, ಸಾಕ್ಷಿಗೆ. ತೆರೆಯೋದು ಮೊದಲನೇ ಸಹಿ. ಮೊದಲನೆಯವರು ಓದಿದಾರಲ್ಲ? ಅವರು ಓದಿ, ಹೇಳಬಹುದು ಅಂತ ತೀರ್ಮಾನ ಮಾಡಿದಾರೆ. ಅಲ್ಲಿಗೆ ಮುಗೀತು." ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಮೂಲೆಯನ್ನು ನೋಡಿದರು. "ಎಂ.ಹೆಚ್. ಯಾರು?"

ರಾಸ್ ನೆಲ ನೋಡಿದರು. ಹೊರಗೆ ಕಾಕಟೂವೊಂದು ಕಿಟಕಿಯ ಅಂಚಿಗೆ ಬಂದು ಕೂತು, ಗಾಜಿನಲ್ಲಿ ತನ್ನನ್ನೇ ನೋಡಿಕೊಂಡು, ಹಾರಿಹೋಯಿತು. ಎದ್ದುಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಮರ್ನಿಗೆ ಅನ್ನಿಸಿತು. ತಟ್ಟೆಯಲ್ಲಿ ಉದುರಿದ ಕೊಬ್ಬರಿ ತುರಿಯನ್ನು ತನ್ನ ಬೆರಳು ಆಗಲೇ ಅಂಚಿಗೆ ಜೋಡಿಸುತ್ತಿರುವುದನ್ನು ಕಂಡಳು. ಬೆರಳನ್ನು ತೆಗೆದಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲದ ಹತ್ತಿರ ಹೋಗಲು ನಾಲ್ಕು ಹೆಜ್ಜೆ, ಅಲ್ಲಿಂದ ಡೂಗಲ್ ಅವರ ತನಕ ಆರು. ಎಲ್ಲರೂ ತಿರುಗಿ ನೋಡಿದರು. ಡೈರಿಯ ದಾರವನ್ನು ಬಿಚ್ಚಿ, ಆಗಸ್ಟ್ ಹದಿನಾಲ್ಕನ್ನು ತೆರೆದು, ಡೂಗಲ್ ಅವರ ಕಡೆಗೆ ತಿರುಗಿಸಿ, ಅವರಿಗೆ ತಲೆಕೆಳಗಾಗದ ಹಾಗೆ, ಮೇಜಿನ ಮೇಲಿಟ್ಟಳು.

"ಇದೇನಮ್ಮ?" ಅವರು ಬಗ್ಗಿದರು. ಕಣ್ಣು ಮೊದಲ ಸಾಲಿನ ಮೇಲೆ ಹೋಯಿತು, ಎರಡನೆಯ ಸಾಲಿಗೂ ಹೋಯಿತು, ಕೈ ಬೀಸಿದ್ದರ ತನಕ. ಅವಳು ಮುಚ್ಚಲಿಲ್ಲ. ಮಗ್ಗುಲಲ್ಲಿದ್ದ ಹೊತ್ತಿನ ಮೇಲೆ ಬೆರಳಿಟ್ಟಳು, ಒಂದು ಐವತ್ತು, ಪುಟಗಳನ್ನು ಮಗುಚಿ, ನಾಲ್ಕು ಹತ್ತು. ದನಿ ಹೊರಟಾಗ ಅದು ತನ್ನದಲ್ಲದಷ್ಟು ಗಟ್ಟಿಯಾಗಿತ್ತು.

"ಎಂ.ಹೆಚ್. ನಾನು. ಆವತ್ತು ಆ ಫೈಲು ನನ್ನ ಮುಂದಿದ್ದ ಹೊತ್ತಲ್ಲಿ ನಾನು ಇದನ್ನ ಬರೀತಿದ್ದೆ. ಇನ್ನೂರ ಹನ್ನೆರಡನೇ ಹಾಳೆ ನಾನು ಓದಿಲ್ಲ."